ಮೆಹಂದಿ ಹಚ್ಚಿದ ಮೊಲ

ಕರಡಿಹಾಳದಲ್ಲಿ ಕರಡಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹೊಸದಾಗಿ ಬರುವ ಬೀಗರು ಇವತ್ತಿಗೂ ಊರ ಹೆಸರು ಕೇಳಿ ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡೇ ಬಸ್ಸಿನಿಂದ ಇಳಿಯುತ್ತಾರೆ. ಪಕ್ಕದ ಹುಲಿಹೈದರದಲ್ಲಿ ಎಷ್ಟು ಹುಲಿ ಇವೆಯೋ ಇಲ್ಲಿ ಅಷ್ಟೇ ಕರಡಿ ಇವೆ. ಒಂದು ಕಾಲಕ್ಕೆ ಊರ ಹಿಂದಿನ ಗುಡ್ಡದಲ್ಲಿ ಕರಡಿ, ತೋಳ, ನರಿ, ಕೌಜುಗ, ಮೊಲ ಎಲ್ಲ ಇದ್ದವು. ಈಗ ಗುಡ್ಡದ ಅರ್ಧವನ್ನು ಕಲ್ಲಿನ ಕ್ವಾರಿಯವರು ತಿಂದಿದ್ದಾರೆ, ಉಳಿದರ್ಧದ ಮೇಲೆ ಗಾಳಿ ಫ್ಯಾನುಗಳು ನಿಂತಿವೆ. ಚಳಿಗಾಲಕ್ಕೆ ಕೆರೆಗೆ ಬರುತ್ತಿದ್ದ ಬಾತುಕೋಳಿಗಳ ಹಿಂಡು ಹೋದ ವರ್ಷವೂ ಬಂತು, ಒಂದು ಸುತ್ತು ಹೊಡೆಯಿತು, ನೀರು ನೋಡಿತು, ಹೊರಟುಹೋಯಿತು. ಪ್ರಾಣಿಗಳೆಲ್ಲ ಈಗ ಊರವರ ಮಾತಿನಲ್ಲಿ ಮಾತ್ರ ಉಳಿದಿವೆ. ಅಲ್ಲಿ ಅವು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ.

ಆದರೂ ಬೇಟೆ ನಿಂತಿಲ್ಲ. ಪ್ರಾಣಿ ಇಲ್ಲ ಎಂಬಷ್ಟು ಸಣ್ಣ ಕಾರಣಕ್ಕೆ ಬೇಟೆ ನಿಲ್ಲಿಸುವ ಊರಲ್ಲ ಇದು.

ಪದ್ಧತಿ ಹೀಗಿದೆ. ಉಗಾದಿಯ ಮರುದಿನ ಗಂಡಸರೆಲ್ಲ ಗುಡ್ಡ ಹತ್ತಿ ಒಂದು ಮೊಲವನ್ನು ಜೀವಂತ ಹಿಡಿದು ತರಬೇಕು. ಕೊಲ್ಲುವ ಹಾಗಿಲ್ಲ. ಕೆರೆ ಏರಿಯ ಮೇಲಿರುವ ದುರ್ಗವ್ವನ ಗುಡಿಯ ಮುಂದೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕಿವಿಗೆ ಬೆಳ್ಳಿಯ ಸಣ್ಣ ಮುರು ಹಾಕಿ ಬಿಡಬೇಕು. ಅದು ಯಾವ ದಿಕ್ಕಿಗೆ ಓಡುತ್ತದೋ ಆ ದಿಕ್ಕಿನ ಹೊಲಗಳಿಗೆ ಮೊದಲ ಮಳೆ. ಬೇಟೆಯ ಮುಂದಾಳತನ ತಲೆತಲಾಂತರದಿಂದ ವಿರುಪಣ್ಣನ ಮನೆತನದ್ದು. ಮೊಲ ಸಿಕ್ಕ ಕೂಡಲೇ ಹಿರಿಯರು ಅವನ ತಲೆಗೆ ಕೆಂಪು ರುಮಾಲು ಸುತ್ತುತ್ತಾರೆ. ರುಮಾಲು ಬರೀ ಬಟ್ಟೆಯಲ್ಲ. ಮದುವೆ ಊಟದಲ್ಲಿ ಮೊದಲ ಪಂಕ್ತಿ, ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂಡುವ ಜಾಗ, ಹೋಟೆಲಿನಲ್ಲಿ ಮೀಸೆ ತಿರುವುತ್ತ ಇನ್ನೊಬ್ಬರ ಮಾತನ್ನು ಅರ್ಧಕ್ಕೆ ತುಂಡರಿಸುವ ಹಕ್ಕು, ಇವೆಲ್ಲ ಆ ರುಮಾಲಿನ ಜೊತೆಗೇ ಬರುತ್ತವೆ. ವಿರುಪಣ್ಣನಿಗೆ ಅನ್ನ ಬಿಟ್ಟರೆ ಅದೇ ಆಹಾರ.

ಈಗ ಒಳಗಿನ ಮಾತು. ಈ ವಿರುಪಣ್ಣ ತನ್ನ ಜೀವಮಾನದಲ್ಲಿ ಒಂದೇ ಒಂದು ಮೊಲ ಹಿಡಿದವನಲ್ಲ. ಮೊಲ ಹೋಗಲಿ, ಸಂಜೆ ಮನೆಯ ಕೋಳಿಯನ್ನು ಬುಟ್ಟಿಯಡಿ ಹಾಕಬೇಕೆಂದರೆ ಹೆಂಡತಿ ಕರಿಯವ್ವನೇ ಬರಬೇಕು. ಪಕ್ಕದ ಊರಿನ ಬಲೆಗಾರನೊಬ್ಬ ಪ್ರತಿ ಉಗಾದಿಗೆ ಯಾರಿಗೂ ಕಾಣದ ಹಾಗೆ ಒಂದು ಮೊಲವನ್ನು ಚೀಲದಲ್ಲಿ ತಂದುಕೊಡುತ್ತಿದ್ದ, ಇವನು ಗುಡ್ಡದ ಮೇಲೆ ಪೊದೆಗೆ ಹಾರಿ ಹಿಡಿದಂತೆ ಮಾಡಿ ಎದ್ದುಬರುತ್ತಿದ್ದ. ಆ ಬಲೆಗಾರ ಹೋದ ವರ್ಷ, "ಅಣ್ಣಾರ, ಮೊಲಾನ ಇಲ್ಲದ ಮ್ಯಾಲ ಬಲಿ ಇಟ್ಕೊಂಡು ಏನ್ ಮಾಡ್ಲಿ," ಎಂದು ಬಲೆಯನ್ನು ಕುರಿ ಹಟ್ಟಿಗೆ ಮಾರಿ, ಗಂಗಾವತಿಯ ಅಕ್ಕಿ ಗಿರಣಿಗೆ ವಾಚ್‌ಮನ್ ಆಗಿ ಹೋಗಿಬಿಟ್ಟ. ಹೋದ ಉಗಾದಿಗೆ ಕರಡಿಹಾಳದ ಬೇಟೆ ಬರಿಗೈಲಿ ಇಳಿಯಿತು. ಆಮೇಲೆ ಮಳೆ ತಡವಾದದ್ದಕ್ಕೂ, ಎಮ್ಮೆ ಬತ್ತಿದ್ದಕ್ಕೂ, ಪಂಚಾಯ್ತಿಯ ಬೋರಿನ ಮೋಟರು ಸುಟ್ಟದ್ದಕ್ಕೂ ವಿರುಪಣ್ಣನೇ ಕಾರಣನಾದ.

ಅವನ ಚಿಕ್ಕಪ್ಪನ ಮಗ ಅಯ್ಯಪ್ಪ ಇದೇ ಹೊತ್ತಿಗಾಗಿ ಕಾಯುತ್ತಿದ್ದ. ಪಂಚಾಯ್ತಿ ಮೆಂಬರು, ಪಡುವಣ ಹೊಲಗಳ ಒಡೆಯ, ಮಾತಿಗೆ ಮುಂಚೆ ನಗುವ ಮನುಷ್ಯ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಕಟ್ಟೆಯ ಮೇಲೆ ಎಲ್ಲರ ಮುಂದೆ ಅಂದ:

"ನಂದೇನಿಲ್ರಿ ಹಿರ್ಯಾರ. ಅಣ್ಣಗ ವಯಸ್ಸಾತು, ಕಣ್ಣು ಮಂಜಾದುವು. ಈ ಸರ್ತಿನೂ ಮೊಲ ಸಿಗಲಿಲ್ಲಂದ್ರ ರುಮಾಲು ಮತ್ತೊಂದು ತಲಿ ನೋಡ್ಲಿ ಅಂತೀನಿ. ಊರಿನ ಹಿತಕ್ಕ ಹೇಳಿದೆ."

ಹಿರಿಯರು ಹೂಂ ಅಂದರು. ವಿರುಪಣ್ಣನೂ ಹೂಂ ಅಂದ, ಅನ್ನದೆ ವಿಧಿಯಿರಲಿಲ್ಲ. ಮನೆಗೆ ಬಂದು ಮಗ್ಗುಲಾದವನು ಮಧ್ಯಾಹ್ನದ ರೊಟ್ಟಿಗೂ ಏಳಲಿಲ್ಲ.

ಮರುದಿನ ಗಂಗಾವತಿಗೆ ಹೋದ. ಬಲೆಗಾರನನ್ನು ಹುಡುಕಿ ಕೈಕಾಲು ಹಿಡಿಯುವ ಯೋಚನೆ ಇತ್ತು. ಆದರೆ ಸಂತೆ ಬೀದಿಯಲ್ಲಿ ಮರ್ದಾನಸಾಬನ ಅಂಗಡಿಯ ಮುಂದೆ ಅವನ ಕಾಲು ನಿಂತಿತು. ಪಂಜರದಲ್ಲಿ ಪಾರಿವಾಳ, ಬಣ್ಣದ ಗಿಣಿ, ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಮೀನು, ಅವುಗಳ ಕೆಳಗೆ ತಂತಿಯ ಪಂಜರದಲ್ಲಿ ಸಾಲಾಗಿ ಮೊಲಗಳು.

"ಮೊಮ್ಮಕ್ಕಳಿಗೇನ್ರಿ ಸಾವ್ಕಾರ್ರ?" ಎಂದ ಮರ್ದಾನಸಾಬ.

"ಹಂಗ ಅನ್ಕೋ ಚಾಚಾ. ಕಂದು ಬಣ್ಣದ್ದು ಐತೇನು? ಕಾಡಿಂದರಂಥದ್ದು?"

"ತೋಬಾ ತೋಬಾ! ಕಾಡಿಂದು ಮಾರಿದ್ರ ನನ್ನ ಒಳಗ ಹಾಕ್ತಾರ್ರಿ. ನನ್ನ ಹತ್ರ ಬರೀ ಬಿಳೇವು. ಫಾರಂ ಮಾಲು."

"ಓಡ್ತಾವೇನು?"

ಮರ್ದಾನಸಾಬ ಗಿರಾಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇಷ್ಟು ವರ್ಷದ ವ್ಯಾಪಾರದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಓಡಾಕ ಅದಕ್ಕೇನ ದರ್ದ ಬಂದೈತ್ರಿ? ಹೊತ್ತಿಗೆ ಸರಿಯಾಗಿ ಗಜ್ಜರಿ ಬರ್ತೈತಿ, ಕುಂತಲ್ಲೇ ತಿಂತೈತಿ. ಓಡೋದು ಇದರ ಮುತ್ಯಾನ ಕಾಲಕ್ಕ ಮುಗದೈತಿ."

ಹಾಗೆ ನೋಡಿದರೆ ವಿರುಪಣ್ಣನ ಕಥೆಯೂ ಅದೇ. ಅವನಿಗೆ ಆ ಪ್ರಾಣಿಯ ಮೇಲೆ ಒಂದು ಥರದ ಮಮತೆ ಹುಟ್ಟಿತು. ಇದ್ದುದರಲ್ಲಿ ತೆಳ್ಳಗಿದ್ದ ಒಂದನ್ನು ಆರಿಸಿ, ರಟ್ಟಿನ ಡಬ್ಬಿಯಲ್ಲಿಟ್ಟು, ಮೇಲೆ ಟವೆಲ್ ಹೊದಿಸಿ ಊರಿಗೆ ತಂದ.

ಕರಿಯವ್ವ ಡಬ್ಬಿಯ ಬಾಯಿ ತೆಗೆದು ನೋಡಿದಳು. ಮೊಲ ಮೇಲೆ ನೋಡಿತು. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಇದನ್ನ ಹಿಡದು ತಂದೆ ಅಂತ ಊರಿಗೆ ತೋರಸ್ತೀರೇನು? ಮಂದಿಗೆ ಕಣ್ಣಿಲ್ಲೇನ್ರಿ?"

"ಮಂದಿ ಮೊಲಾ ನೋಡಿ ಯಾವ ಕಾಲ ಆತು? ಈಗಿನ ಹುಡುಗ್ರಂತೂ ಮೊಬೈಲ್‌ನ್ಯಾಗ ನೋಡ್ಯಾರ."

"ಮೊಬೈಲ್‌ನ್ಯಾಗರ ಅದು ಕಂದು ಬಣ್ಣದ್ದ ಐತಿ. ಇದು ನೋಡಿದ್ರ ಸುಣ್ಣದಾಗ ಬಿದ್ದೆದ್ದಂಗ ಐತಿ."

ವಿರುಪಣ್ಣನ ಬಳಿ ಅದಕ್ಕೂ ಉಪಾಯವಿತ್ತು. ಗೂಡಿನಲ್ಲಿಟ್ಟಿದ್ದ ತನ್ನ ಮೆಹಂದಿ ಪುಡಿಯ ಪೊಟ್ಟಣ ತೆಗೆದ. ತಿಂಗಳಿಗೊಮ್ಮೆ ತಲೆಗೂ ಮೀಸೆಗೂ ಹಚ್ಚಿಕೊಳ್ಳುತ್ತಿದ್ದ ಮೆಹಂದಿ ಅದು. ಕಬ್ಬಿಣದ ಬಾಣಲೆಯಲ್ಲಿ ಚಹಾದ ನೀರು ಹಾಕಿ ಕಲಸಿದ. ಕರಿಯವ್ವ ಬಯ್ಯುತ್ತಲೇ ಮೊಲವನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಅದು ಅರಿಷಿಣಕ್ಕೆ ಕೂತ ಮದುಮಗನ ಹಾಗೆ ಮಿಸುಕಾಡದೆ ಕೂತಿತು. ತೊಳೆದು ಒಣಗಿಸಿದ ಮೇಲೆ ಬೆನ್ನು ಕಂದು, ಹೊಟ್ಟೆ ಕಿತ್ತಳೆ, ಕಿವಿಯ ತುದಿ ಯಾವ ಬಣ್ಣವೆಂದು ಹೇಳಲಾಗದ್ದು. ಕರಿಯವ್ವ ಮೊಲವನ್ನೊಮ್ಮೆ ಗಂಡನನ್ನೊಮ್ಮೆ ನೋಡಿ ಸೆರಗು ಬಾಯಿಗಿಟ್ಟು ನಕ್ಕಳು.

"ನಿಮ್ಮ ಮೀಸಿ, ಅದರ ಬೆನ್ನು ಒಂದ ಮಗ್ಗದಾಗ ನೇಯ್ದಂಗ ಅದಾವ ನೋಡ್ರಿ."

ಉಗಾದಿಗೆ ಇನ್ನೂ ಕೆಲವು ದಿನ ಇದ್ದವು. ಮೊಲವನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟರು. ಕರಿಯವ್ವ ಅದಕ್ಕೆ ಬಂದ ದಿನವೇ ಬೆಳ್ಳಿ ಎಂದು ಹೆಸರಿಟ್ಟಿದ್ದಳು, ಬಣ್ಣ ಬದಲಾದರೂ ಹೆಸರು ಬದಲಾಗಲಿಲ್ಲ. ವಿರುಪಣ್ಣನಿಗೆ ನಾಯಿ ಕಂಡರೆ ಭಯ, ಎತ್ತು ಕಂಡರೆ ಅನುಮಾನ, ಬೆಕ್ಕು ಕಂಡರೆ ಅಪಶಕುನ. ಅಂಥವನು ದಿನಕ್ಕೆ ಮೂರು ಸಲ ಹೋಗಿ ಗಜ್ಜರಿ ಹಿಡಿದು ಕೂಡತೊಡಗಿದ. ಅದು ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು, ಮೂಲೆಯಿಂದ ಕುಪ್ಪಳಿಸಿ ಬಂದು ಅವನ ಪಾದದ ಮೇಲೆ ಕೂತುಬಿಡುತ್ತಿತ್ತು. ಆಗ ಅವನಿಗೆ ಒಳ್ಳೆಯದೆನಿಸುತ್ತಿತ್ತು. ರುಮಾಲು ಇಲ್ಲದಾಗಲೂ ತನ್ನನ್ನು ಕಂಡು ಓಡಿಬಂದ ಜೀವ ಅವನಿಗೆ ಬೇರೆ ನೆನಪಿರಲಿಲ್ಲ.

ಉಗಾದಿಯ ಮರುದಿನ ಕರಡಿಹಾಳದ ಬೇಟೆ ಹೊರಟ ವೈಭವ ನೋಡಬೇಕಿತ್ತು. ಮುಂದೆ ಟ್ರ್ಯಾಕ್ಟರ್, ಅದರ ಮೇಲೆ ಡಿಜೆ. ಕಾಡಿನಲ್ಲಿ ಏನಾದರೂ ಉಳಿದಿದ್ದರೆ ಅದೂ ಆಂಧ್ರದ ಗಡಿ ದಾಟಲಿ ಎಂಬಷ್ಟು ಸದ್ದು. ಹಿಂದೆ ಮೋಟಾರ್ ಸೈಕಲ್ಲುಗಳು. ಬಡಿಗೆ ಹಿಡಿದವರಿಗಿಂತ ಮೊಬೈಲ್ ಹಿಡಿದವರು ಹೆಚ್ಚು. ಬೇಟೆ ನಾಯಿಗಳೆಂದು ಕರೆದುಕೊಂಡು ಹೋದವು ರಸ್ತೆ ಬದಿಯ ಧಾಬಾದ ಎಲುಬು ತಿಂದು ಬೆಳೆದ ಪ್ರಾಣಿಗಳು. ಬಿಸಿಲೇರುತ್ತಲೇ ಕ್ವಾರಿಯ ಲಾರಿಯ ನೆರಳು ಹುಡುಕಿ ಮಲಗಿದವು.

ವಿರುಪಣ್ಣ ನಸುಕಿನಲ್ಲೇ ಬಂದು ಕವಳಿ ಪೊದೆಯೊಂದರ ಒಳಗೆ ಬುಟ್ಟಿಯಡಿ ಬೆಳ್ಳಿಯನ್ನು ಇಟ್ಟು ಹೋಗಿದ್ದ. ಈಗ ಆ ಪೊದೆಯ ಹತ್ತಿರ ಬರುತ್ತಿದ್ದಂತೆ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ, ಮೂಗಿನಿಂದ ಗಾಳಿ ಎಳೆದುಕೊಂಡ, "ಶ್!" ಅಂದ, ಪೊದೆಗೆ ಹಾರಿದ. ಮುಳ್ಳು ನಿಜವಾದವು. ಹೊರಗೆ ಬಂದಾಗ ಹಣೆಯ ಮೇಲೆ ರಕ್ತ, ಹರಿದ ಅಂಗಿ, ಎದೆಗವಚಿಕೊಂಡ ಮೊಲ. ಊರಿಗೆ ಊರೇ ಸಿಳ್ಳೆ ಹೊಡೆಯಿತು.

"ಕಾಕಾ, ಯಾಕೋ ಕೆಂಪಗೈತಲ್ಲ?" ಎಂದನೊಬ್ಬ ಹುಡುಗ.

"ಬಿಸಲಿಗೆ ಹಂಗ ಆಗ್ತೈತಿ. ನೀ ಆಗಿಲ್ಲೇನು?"

ಕೆರೆ ಏರಿಯ ಮೇಲೆ ರುಮಾಲು ಸುತ್ತಿದರು. ವಿರುಪಣ್ಣನ ಕಾಲು ನೆಲಕ್ಕೆ ತಾಗಲಿಲ್ಲ. ಅಯ್ಯಪ್ಪ ಮಾತ್ರ ಪೂಜೆಯ ತಟ್ಟೆ ಹಿಡಿದು ಪಡುವಣ ದಿಕ್ಕಿನಲ್ಲಿ ನಿಂತವನು ಮೊಲವನ್ನು ಎವೆಯಿಕ್ಕದೆ ನೋಡುತ್ತಿದ್ದ.

"ಅಣ್ಣಾ, ಇದರ ಹೊಟ್ಟಿ ಮ್ಯಾಲಿನ ಬಣ್ಣ ಯಾಕೋ ನಿನ್ನ..." ಎಂದು ಶುರುಮಾಡಿದ.

ಅಷ್ಟರಲ್ಲಿ ಪೂಜಾರಿ ಕಿವಿಗೆ ಮುರು ಹಾಕಿ ಮೊಲವನ್ನು ನೆಲಕ್ಕೆ ಬಿಟ್ಟ. ಹಲಗೆ ಬಾರಿಸಿದರು. ಮೊಲ ಓಡಲಿಲ್ಲ, ಕೂತಿತು. ಮುಖ ತೊಳೆದುಕೊಂಡಿತು. ಮೂಡಣ ಹೊಲದವರು ಹುಶ್ ಹುಶ್ ಅಂದರು, ಪಡುವಣದವರು ಬಾ ಬಾ ಅಂದರು. ಬೇವಿನ ಎಲೆಯೊಂದನ್ನು ಮೂಸಿ ಬೇಡವೆಂದು ಬಿಟ್ಟಿತು. "ತಾಯಿ ವಿಚಾರ ಮಾಡಾಕತ್ತಾಳ," ಎಂದ ಪೂಜಾರಿ, ಅವನಿಗೂ ಬೇರೆ ಏನು ಹೇಳಬೇಕೆಂದು ತಿಳಿದಿರಲಿಲ್ಲ. ಕೊನೆಗೆ ಮೊಲ ಎದ್ದು ಆರಾಮಾಗಿ ಕುಪ್ಪಳಿಸುತ್ತ ಹೋಗಿ ಅಯ್ಯಪ್ಪ ಕಾಲ ಬಳಿ ಕೆಳಗಿಟ್ಟಿದ್ದ ತಟ್ಟೆಗೆ ಬಾಯಿ ಹಾಕಿ ಅಲ್ಲಿದ್ದ ಸೌತೆಕಾಯಿ ಕಚ್ಚಿತು.

"ಪಡುವಣಕ್ಕ! ಪಡುವಣಕ್ಕ ಮಳಿ!"

ಅಯ್ಯಪ್ಪನ ಅನುಮಾನ ಅಲ್ಲೇ ಸತ್ತಿತು. ತಟ್ಟೆ ತಲೆಯ ಮೇಲಿಟ್ಟುಕೊಂಡು ಕುಣಿದ. "ಅಣ್ಣ ಅಂದ್ರ ಅಣ್ಣ! ಇಂಥಾ ಖರೇ ಮೊಲ ನಮ್ಮಪ್ಪನ ಕಾಲಕ್ಕೂ ಬಂದಿದ್ದಿಲ್ಲ," ಎಂದು ವಿರುಪಣ್ಣನ ಕಾಲು ಮುಟ್ಟಿದ. ಪಡುವಣ ಹೊಲದವರೆಲ್ಲ ಒಬ್ಬರಾದ ಮೇಲೊಬ್ಬರು ಬಂದು ಕಾಲು ಮುಟ್ಟಿದರು. ಮೂಡಣದವರು ಮೂಗು ಮುರಿದರೂ ಮೊಲವನ್ನು ಬೈಯಲಿಲ್ಲ, ದುರ್ಗವ್ವನನ್ನು ಬೈದಂತಾಗುತ್ತದೆಂದು.

ಆಗಲೇ ಅರಣ್ಯ ಇಲಾಖೆಯ ಜೀಪು ಏರಿಯ ಮೇಲೆ ಬಂತು. ಗಾರ್ಡ್ ಗಾಳೇಶ ಇಳಿದ. ಬೇಟೆ ಅಪರಾಧವೆಂದು ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರು ಕಟ್ಟಿಸಿದ್ದವನು ಅವನೇ. ಆ ಬ್ಯಾನರಿನಲ್ಲಿ ಗಜ್ಜರಿ ತಿನ್ನುವ ಒಂದು ಬಿಳಿ ಮೊಲದ ಚಿತ್ರವಿತ್ತು, ಅದು ಬೇರೆ ಮಾತು. ಗಾಳೇಶನ ಕಷ್ಟ ಅವನಿಗೇ ಗೊತ್ತು. ವರ್ಷಗಟ್ಟಲೆ ಒಂದೂ ಕೇಸಿಲ್ಲ. ಪ್ರಾಣಿಯೇ ಇಲ್ಲ, ಕೇಸು ಎಲ್ಲಿಂದ ತರಲಿ ಎಂದರೆ, ಪ್ರಾಣಿ ಎಲ್ಲಿ ಹೋದವು ಎಂದು ಮೇಲಿನವರು ಕೇಳುತ್ತಾರೆ. ಈಗ ಮೊಬೈಲಿನಲ್ಲಿ ಊರವರೇ ಹಾಕಿದ ವಿಡಿಯೋ ನೋಡಿ ಅವನು ಹಾರಿಬಂದಿದ್ದ. ಮೊಲವೂ ಸಿಕ್ಕಿತು, ರುಮಾಲು ಸುತ್ತಿಕೊಂಡ ಆರೋಪಿಯೂ ಸಿಕ್ಕ.

ಅರಣ್ಯ ಕಚೇರಿಯಲ್ಲಿ ವಿರುಪಣ್ಣನನ್ನು ಬೆಂಚಿನ ಮೇಲೆ ಕೂಡಿಸಿದರು. ಮೊಲ ಮೇಜಿನ ಮೇಲೆ ಕೂತಿತ್ತು. ಕರಿಯವ್ವ ಟ್ರ್ಯಾಕ್ಟರ್ ಏರಿ ಹಿಂದೆಯೇ ಬಂದಿದ್ದಳು. ಕಿಟಕಿಯ ಹೊರಗೆ ಊರ ಮಂದಿ ಜೇನು ಕಟ್ಟಿದಂತೆ ನಿಂತಿದ್ದರು, ಅಯ್ಯಪ್ಪ ಎಲ್ಲರಿಗಿಂತ ಮುಂದೆ.

ಕರಿಯವ್ವ ಗಂಡನ ಕಿವಿಯ ಹತ್ತಿರ ಬಂದು ಹಲ್ಲು ಕಡಿದಳು. "ಹೇಳಿಬಿಡ್ರಿ. ಕೊಂಡು ತಂದೀನಿ ಅಂತ ಒಂದ ಮಾತು ಹೇಳಿದ್ರ ಈಗಿಂದೀಗ ಬಿಡ್ತಾರ. ಮರ್ದಾನಸಾಬನ್ನ ಕರಕೊಂಡು ಬರ್ತೀನಿ."

ವಿರುಪಣ್ಣ ಕಿಟಕಿಯ ಕಡೆ ನೋಡಿದ. ಅಷ್ಟೂ ಕಣ್ಣುಗಳು ಅವನ ರುಮಾಲಿನ ಮೇಲಿದ್ದವು. ನಿಜ ಹೇಳಿದರೆ ಮನೆಗೆ ಹೋಗಬಹುದು, ಆದರೆ ಯಾವ ಮುಖ ಹೊತ್ತು? ಸುಳ್ಳು ಹೇಳಿದರೆ ಜೈಲು, ಆದರೆ ತಲೆಯ ಮೇಲೆ ರುಮಾಲು ಇರುತ್ತದೆ. ಇದು ಕಷ್ಟದ ಆಯ್ಕೆ ಎಂದು ಓದುವವರಿಗೆ ಅನ್ನಿಸಬಹುದು. ವಿರುಪಣ್ಣನಿಗೆ ಅನ್ನಿಸಲಿಲ್ಲ.

"ಯಜಮಾನ್ರ," ಎಂದ ಗಾಳೇಶ. ಮೊಲ ಹಿಡಿದಿದ್ದ ಅವನ ಬೆರಳು ಕಿತ್ತಳೆಯಾಗಿದ್ದವು. ಅವನೂ ಅದನ್ನು ನೋಡಿದ, ಫೈಲಿನ ಹಿಂಬದಿಗೆ ಒರೆಸಿದ. "ಇದು ಕಾಡು ಮೊಲಾನ ಹೌದಲ್ರಿ?"

"ಹೌದ್ರಿ ಸಾಹೇಬ್ರ! ಈ ಎರಡು ಕೈಯಾಗ ಹಿಡದೀನಿ. ಬರಕೋರಿ!"

ಹೊರಗೆ ಚಪ್ಪಾಳೆ. ಗಾಳೇಶನ ಮುಖದಲ್ಲಿ ನೆಮ್ಮದಿ. ಆರೋಪಿಯೂ ಅಧಿಕಾರಿಯೂ ಇಷ್ಟು ಪ್ರೀತಿಯಿಂದ ಒಂದು ಕೇಸು ಬರೆದದ್ದನ್ನು ಆ ಕಚೇರಿ ಹಿಂದೆಂದೂ ಕಂಡಿರಲಿಲ್ಲ. ವಿರುಪಣ್ಣ ತಾನು ಹಾರಿದ ದೂರ ಹೇಳಿದ, ಪೊದೆ ಹೇಳಿದ, ಮೊಲ ಹೇಗೆ ಕಣ್ಣಿಗೆ ಮಣ್ಣೆರಚಿ ಓಡಿತೆಂದು ಹೇಳಿದ. ಗಾಳೇಶ ಬರೆದುಕೊಂಡ. ಕರಿಯವ್ವ ಮೇಜಿನ ಹತ್ತಿರ ನಿಂತು ಮೊಲದ ಕಿವಿ ಸವರುತ್ತಿದ್ದಳು. ಜಾಮೀನಿನ ಮೇಲೆ ಬಿಟ್ಟಾಗ ಊರವರು ವಿರುಪಣ್ಣನನ್ನು ಟ್ರ್ಯಾಕ್ಟರ್ ಮೇಲೆ ನಿಲ್ಲಿಸಿ ಮೆರವಣಿಗೆಯಲ್ಲಿ ಕರೆತಂದರು. ಕೊಪ್ಪಳದ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲ ಬೇಟೆಗಾರ ನಮ್ಮೂರವನು ಎಂದು ಹುಡುಗರು ಸ್ಟೇಟಸ್ ಹಾಕಿದರು. ವಿರುಪಣ್ಣ ಸಾಯುವವರೆಗೂ ರುಮಾಲು ಅವನದೇ ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಆ ಮಾತು ಎತ್ತಿದವನು ಅಯ್ಯಪ್ಪನೇ.

ಎರಡನೇ ದಿನಕ್ಕೆ ಗಾಳೇಶನ ಫೋನು ಬಂತು. ವಶಪಡಿಸಿಕೊಂಡ ಕಾಡುಪ್ರಾಣಿಯನ್ನು ಕಾಡಿಗೇ ಬಿಡಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ತೋಳಗಳಿಗೆಂದು ಕಾಯ್ದಿಟ್ಟ ಕುರುಚಲು ಕಾಡಿನಲ್ಲಿ ಬಿಡುತ್ತಾರೆ, ಟಿವಿಯವರು ಬರುತ್ತಾರೆ, ಆರೋಪಿಯೂ ಬಂದು ಸಹಿ ಮಾಡಬೇಕು.

"ಎಲ್ಲಿ ಬಿಡ್ತಾರಂತ?" ಎಂದಳು ಕರಿಯವ್ವ.

"ತೋಳದ ಕಾಡಿನ್ಯಾಗ."

ಕರಿಯವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಬಾಗಲಾ ತಗದ್ರ ಹೊರಗ ಹೋಗಂಗಿಲ್ಲ ಅದು. ಅದನ್ನ ತೋಳಕ್ಕ ಹಾಕ್ತೀರಿ. ನಿಮ್ಮ ತಲಿ ಮ್ಯಾಲಿನ ಅರಿವಿ ಸಲುವಾಗಿ." ಅಷ್ಟು ಹೇಳಿ ಮತ್ತೆ ರೊಟ್ಟಿ ತಟ್ಟಿದಳು. ಅವನು ಗಜ್ಜರಿ ಹಿಡಿದು ಹಿಂದಿನ ಕೋಣೆಗೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ನೆನಪಾಗಿ, ತಾನೇ ತಿಂದ.

ಬಿಡುವ ದಿನ ಜಾತ್ರೆಯಷ್ಟು ಮಂದಿ. ಕ್ಯಾಮೆರಾ, ಶಾಮಿಯಾನಾ, ಬಾಟಲಿ ನೀರು, ಸಾಹೇಬರ ಭಾಷಣ. ಮೊಲಗಳ ಸಂಖ್ಯೆ ಹೆಚ್ಚಿರುವುದು ಇಲಾಖೆಯ ಪರಿಶ್ರಮದ ಫಲ ಎಂದು ಸಾಹೇಬರು ಹೇಳಿದರು. ಗಾಳೇಶ ಪಂಜರ ತಂದು ಬಾಗಿಲು ತೆಗೆದ. ಎದುರಿಗೆ ಒಣ ಹುಲ್ಲು, ಜಾಲಿ, ಬಂಡೆ. ಎಲ್ಲೋ ದೂರದಲ್ಲಿ ಕುರಿಗಾರನ ನಾಯಿ ಬೊಗಳುತ್ತಿತ್ತು.

ಬೆಳ್ಳಿ ಹೊರಗೆ ಬಂತು. ಒಣ ಹುಲ್ಲು ನೋಡಿತು, ಬಿಸಿಲು ನೋಡಿತು. ಗಾಳೇಶ ಚಪ್ಪಾಳೆ ತಟ್ಟಿದ, ಅದು ಕಿವಿ ಎತ್ತಿತು. ಅವನು ಸಣ್ಣ ಕಲ್ಲೊಂದನ್ನು ಎಸೆದ. ಮೊಲ ಬೆಚ್ಚಿ ತಿರುಗಿತು, ಅಷ್ಟು ಮಂದಿಯ ಕಾಲುಗಳ ನಡುವೆ ಒಂದು ಜೊತೆ ಕಾಲು ಹುಡುಕಿತು, ಕುಪ್ಪಳಿಸುತ್ತ ಬಂದು ವಿರುಪಣ್ಣನ ಪಾದದ ಮೇಲೆ ಕೂತಿತು. ಅದರ ಎದೆ ಬಡಿದುಕೊಳ್ಳುವುದು ಅವನ ಚರ್ಮಕ್ಕೆ ತಿಳಿಯುತ್ತಿತ್ತು.

ವಿರುಪಣ್ಣನಿಗೆ ಕಣ್ಣು ತುಂಬಿ ಬಂದವು. ಯಾಕೆ ಬಂದವೆಂದು ಅವನನ್ನು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. ನಾನು ಹೇಳುತ್ತೇನೆ: ಜೀವನದಲ್ಲಿ ಮೊದಲ ಸಲ ಅವನಿಗೆ ನಾಚಿಕೆಯಾಯಿತು. ಬಗ್ಗಿ ಮೊಲವನ್ನು ಎತ್ತಿಕೊಂಡ. ರುಮಾಲು ಬಿಚ್ಚಿ ಅದಕ್ಕೆ ಸುತ್ತಿದ.

"ಇದು ಕಾಡು ಮೊಲ ಅಲ್ರಿ," ಎಂದು ಗಟ್ಟಿಯಾಗಿ ಹೇಳಿದ. "ಗಂಗಾವತಿ ಸಂತಿ ಬೀದ್ಯಾಗ ಕೊಂಡು ತಂದೀನಿ. ಬಿಳೇದಿತ್ತು, ನಾನ ಮೆಹಂದಿ ಹಚ್ಚೀನಿ. ನಾ ಒಂದೂ ಮೊಲ ಹಿಡದವನಲ್ಲ. ಎಲ್ಲಾ ಸುಳ್ಳ ಹೇಳೀನಿ. ಇದನ್ನ ಇಲ್ಲಿ ಬಿಟ್ರ ಸಂಜಿಕ ಸಾಯ್ತೈತಿ. ನನ್ನ ಮಾರಿಗೆ ಉಗುಳ್ರಿ ಬೇಕಾದ್ರ, ಇದನ್ನ ಕೊಟ್ಟುಬಿಡ್ರಿ."

ಮೊದಲು ಬಾಯಿ ತೆರೆದವನು ಅಯ್ಯಪ್ಪ. ಈ ಮಾತು ಕೇಳಲು ವರ್ಷಗಟ್ಟಲೆ ಕಾದವನು ಅವನು. ಆದರೆ ಪಡುವಣ ಹೊಲಕ್ಕೆ ಮಳೆ ಬರಬೇಕಲ್ಲ.

"ನೋಡ್ರಿ, ನೋಡ್ರಿ ನಮ್ಮ ಅಣ್ಣನ ಮನಸ್ಸು!" ಎಂದು ಕಣ್ಣೊರೆಸಿಕೊಂಡ. "ಮೊಲದ ಜೀವ ಉಳಸಾಕ ತನ್ನ ಹೆಸರಿಗೆ ತಾನ ಮಸಿ ಬಳ್ಕೊಳ್ಳಾಕತ್ಯಾನ!"

"ಖರೇನ ಹೇಳಾಕತ್ತೀನೋ ಅಯ್ಯಪ್ಪಾ! ಕೈ ಒದ್ದಿ ಮಾಡಿ ತಿಕ್ಕಿ ನೋಡು, ಬಣ್ಣ ಬಿಡ್ತೈತಿ!"

"ದುರ್ಗವ್ವನ ಮೊಲ ಅದು. ಕುಂಕುಮ ಬಿಡಲಾರದ ಇರ್ತೈತೇನು?" ಎಂದು ಪೂಜಾರಿ ಕೈಮುಗಿದ. ಹಿಂದಿದ್ದವರೂ ಮುಗಿದರು. ಟಿವಿಯ ಹುಡುಗಿ ಮೈಕು ಹಿಡಿದು, ಬೇಟೆಗಾರನ ಎದೆಯಲ್ಲಿ ಕರುಣೆ ಅರಳಿದ ಕ್ಷಣ ಎಂದು ಹೇಳುತ್ತಿದ್ದಳು. ವಿರುಪಣ್ಣ ಒಬ್ಬೊಬ್ಬರ ಮುಖ ನೋಡಿದ. ಸುಳ್ಳು ಹೇಳಿದಾಗ ಒಬ್ಬನೂ ಸಾಕ್ಷಿ ಕೇಳಿರಲಿಲ್ಲ. ಈಗ ನಿಜವನ್ನು ಬಿಟ್ಟಿ ಕೊಡುತ್ತೇನೆಂದರೂ ಕೊಳ್ಳುವವರಿಲ್ಲ.

ಗಾಳೇಶ ಅವನನ್ನು ಜೀಪಿನ ಮರೆಗೆ ಎಳೆದುಕೊಂಡು ಹೋದ.

"ಯಜಮಾನ್ರ, ಕೈ ಮುಗಿತೀನಿ, ಬಾಯಿ ಮುಚ್ರಿ. ಆಗ್ಲೇ ಕಾಗದ ಬೆಂಗಳೂರಿಗೆ ಹೋಗೇತಿ. ಸಾಹೇಬ್ರ ಫೋಟೋನೂ ಹೋಗೇತಿ."

"ಹಂಗಾದ್ರ ಇದರ ಗತಿ?"

ಗಾಳೇಶ ಆ ಕಡೆ ಈ ಕಡೆ ನೋಡಿದ. "ಕಾಗದದಾಗ ಕಾಡು ಮೊಲ ಕಾಡಿಗೆ ಹೋತು. ನಿಮ್ಮ ಕೈಯಾಗ ಇರೋದು ಯಾವುದೋ ಸಾಕಿದ್ದು, ಅದಕ್ಕೂ ಇಲಾಖಿಗೂ ಸಂಬಂಧ ಇಲ್ಲ. ಮಂದಿ ಕರಗಿದ ಮ್ಯಾಲ ತಗೊಂಡು ಹೋಗ್ರಿ. ಕೇಸು ಮಾತ್ರ ನಡೀತೈತಿ, ನೀವು ಒಪ್ಕೊಂಡೀರಿ."

ಮಂದಿ ಕರಗುವವರೆಗೆ ಗಂಡ ಹೆಂಡತಿ ಜಾಲಿಯ ನೆರಳಲ್ಲಿ ಕೂತರು. ಹೊತ್ತು ಮುಳುಗುವಾಗ ಮೋಟಾರ್ ಸೈಕಲ್ ಹತ್ತಿ, ಯಾರೂ ಎದುರಾಗದಿರಲೆಂದು ಗುಡ್ಡದ ಹಿಂದಿನ ಬಂಡಿ ದಾರಿ ಹಿಡಿದರು. ಹಿಂದೆ ಕರಿಯವ್ವ, ಅವಳ ಮಡಿಲಲ್ಲಿ ಕೆಂಪು ರುಮಾಲಿನೊಳಗೆ ಬೆಳ್ಳಿ.

"ಯಾರೂ ನಂಬಲಿಲ್ಲ," ಎಂದ ವಿರುಪಣ್ಣ.

"ನಾ ನಂಬೀನಲ್ಲ," ಎಂದಳು ಕರಿಯವ್ವ.

"ನಿಂಗ ಮೊದ್ಲ ಗೊತ್ತಿತ್ತು."

"ಗೊತ್ತಿತ್ತು. ಆದ್ರ ನೀವು ಹೇಳ್ತೀರಿ ಅಂತ ಗೊತ್ತಿರಲಿಲ್ಲ." ಅವಳು ಅವನ ಬೆನ್ನಿಗೆ ಹಣೆ ತಾಗಿಸಿ ಕೂತಳು. ಮದುವೆಯಾದ ಹೊಸತರಲ್ಲಿ ಹಾಗೆ ಕೂಡುತ್ತಿದ್ದಳು.

ಹಳ್ಳದ ತಿರುವಿನಲ್ಲಿ ಗಾಡಿಯ ಬೆಳಕು ಅದರ ಮೇಲೆ ಬಿತ್ತು. ವಿರುಪಣ್ಣ ಬ್ರೇಕು ಒತ್ತಿದ. ದಾರಿಯ ನಡುವೆ ಒಂದು ಮೊಲ ನಿಂತಿತ್ತು. ಮಣ್ಣಿನ ಬಣ್ಣ, ಬಡಕಲು ಮೈ, ಉದ್ದ ಕಾಲು. ಯಾರ ಗಜ್ಜರಿಗೂ ಕಾದದ್ದಲ್ಲ. ಅದು ಅವರನ್ನು ನೋಡಿತು, ಒಂದೇ ನೆಗೆತಕ್ಕೆ ಹಳ್ಳ ದಾಟಿ ಕಲ್ಲುಗಳ ನಡುವೆ ಇಲ್ಲವಾಯಿತು. ಅದರ ಹಿಂದೆಯೇ ಪೊದೆಯಿಂದ ಸಣ್ಣದೊಂದು ಹಾರಿ ಹೋಯಿತು. ಇಷ್ಟು ವರ್ಷ ತಾನು ಯಾವುದರ ಹೆಸರಿನಲ್ಲಿ ಮೀಸೆ ತಿರುವಿದೆನೋ ಅದನ್ನು ವಿರುಪಣ್ಣ ಆವತ್ತು ನೋಡಿದ.

"ಕಂಡಿತೇನ್ರಿ?" ಎಂದು ಕರಿಯವ್ವ ಪಿಸುಗುಟ್ಟಿದಳು.

"ಕಂಡಿತು."

ವಿರುಪಣ್ಣ ಗಾಡಿಯ ಬೆಳಕು ಆರಿಸಿದ.

ಮರುದಿನ ಬೆಳಿಗ್ಗೆ ಅವನು ಕಟ್ಟೆಯ ಹತ್ತಿರ ಹೋದಾಗ ಜನ ಎದ್ದು ನಿಂತರು. ಕಂಬದ ಪಕ್ಕದ ಜಾಗ ಖಾಲಿ ಬಿಟ್ಟಿದ್ದರು. ಅವನು ಕೂತ ಮೇಲೆ ಅಯ್ಯಪ್ಪ ಚಹಾ ತರಿಸಿ ಹತ್ತಿರ ಸರಿದ.

"ಅಣ್ಣಾ, ನಿನ್ನೆ ಹಿಂದಿನ ದಾರೀಲೆ ಬಂದಿಯಂತಲ್ಲ. ನಿನ್ನ ಕಣ್ಣಿಗೆ ಬೀಳಲಾರದ್ದು ಯಾವುದೈತಿ? ಆ ಕಡೆ ಹಳ್ಳದಾಗ ಮೊಲ ಏನರ ಅದಾವೇನು? ಮುಂದಿನ ಉಗಾದಿಗೆ ಬಲಿ ಅಲ್ಲೇ ಹಾಕೋಣಂತ."

ಕಟ್ಟೆಯ ಮೇಲಿನ ಮಂದಿಯೆಲ್ಲ ಅವನ ಬಾಯಿ ನೋಡಿದರು. ವಿರುಪಣ್ಣ ಚಹಾದ ಕೊನೆಯ ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ.

"ಎಲ್ಲೀವು ತಮ್ಮಾ," ಅಂದ. "ಬರೀ ಕಲ್ಲು."

ಅದನ್ನು ಎಲ್ಲರೂ ಕೂಡಲೇ ನಂಬಿದರು.